ಐನೂರು ಹಾಕಿಸಲೋ, ಸಾವಿರ ಹಾಕಿಸಲೋ?

ಪುಸ್ತಕ ಬರೆಯುವವರ, ಅಚ್ಚು ಹಾಕಿಸುವವರ ಪ್ರಶ್ನೆಗಳಿಗೆ ಶಿವಮೊಗ್ಗದ ಪ್ರಕಾಶಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನಾನು ನಿವೃತ್ತ ಮೇಷ್ಟ್ರು. ನಮ್ಮ ಸೀಮೆಯ ಶಾಲೆಗಳ ನೆನಪುಗಳನ್ನು ಬರೆದಿದ್ದೇನೆ, ಸುಮಾರು 160 ಪುಟ ಆಗಬಹುದು. ನಾನೇ ಪ್ರಕಟಿಸಬೇಕೆಂದಿದ್ದೇನೆ. ಪ್ರೆಸ್ಸಿನವರು "ಐನೂರಕ್ಕೂ ಸಾವಿರಕ್ಕೂ ಅಂಥ ವ್ಯತ್ಯಾಸ ಬರಲ್ಲ ಸರ್, ಸಾವಿರವೇ ಹಾಕಿಸಿಬಿಡಿ" ಅನ್ನುತ್ತಿದ್ದಾರೆ. ಏನು ಮಾಡಲಿ?
— ತೀರ್ಥಹಳ್ಳಿಯಿಂದ ಒಬ್ಬರು

ಉತ್ತರ: ಮೇಷ್ಟ್ರೇ, ಪ್ರೆಸ್ಸಿನವರು ಸುಳ್ಳು ಹೇಳುತ್ತಿಲ್ಲ. ಪ್ಲೇಟು ಮಾಡುವ ಖರ್ಚು, ಮೆಷಿನ್ ಹೊಂದಿಸುವ ಖರ್ಚು ಐನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹೆಚ್ಚಾಗುವುದು ಕಾಗದ, ಬೈಂಡಿಂಗು ಮಾತ್ರ. ಹಾಗಾಗಿ ಪ್ರತಿಯೊಂದರ ಬೆಲೆ ಇಳಿಯುತ್ತದೆ. ಆದರೆ ಇಳಿದ ಬೆಲೆಯ ಆ ಐನೂರು ಪ್ರತಿ ಎಲ್ಲಿ ಕೂರುತ್ತವೆ ಅಂತ ಅವರು ಹೇಳುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಕೂರುತ್ತವೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಕಟ್ಟು ಬಿಚ್ಚದ ಪುಸ್ತಕಕ್ಕೆ ಏನಾಗುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಲೆಕ್ಕ ಹಾಕಿ ನೋಡೋಣ. ದರಗಳು ಊರಿಂದೂರಿಗೆ ಬೇರೆ, ಕಾಗದದ ಬೆಲೆಯಂತೂ ಕೇಳಿದ ದಿನದ್ದು. ಉದಾಹರಣೆಗೆಂದು ಹೀಗೆ ಹಿಡಿಯಿರಿ: ಡೆಮಿ 1/8 ಆಕಾರ (ಸಾಮಾನ್ಯ ಕಾದಂಬರಿಯ ಅಳತೆ), 160 ಪುಟ, 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಗುವ) ಎನ್.ಎಸ್. (ತಿಳಿಹಳದಿ ಛಾಯೆಯ) ಮ್ಯಾಪ್‌ಲಿಥೋ ಕಾಗದ, 500 ಪ್ರತಿ. ಡಿ.ಟಿ.ಪಿ.ಗೆ, ಅಂದರೆ ಟೈಪ್ ಮಾಡಿ ಪುಟ ಕಟ್ಟುವುದಕ್ಕೆ, ಪುಟಕ್ಕೆ 30 ರೂಪಾಯಿಯಂತೆ 4,800. ಕರಡು ತಿದ್ದಲು ಪುಟಕ್ಕೆ 15ರಂತೆ 2,400. ಮುಖಪುಟ ಮಾಡುವವರಿಗೆ 4,000. ಅಚ್ಚು, ಬೈಂಡಿಂಗು ಎಲ್ಲ ಸೇರಿ ಪ್ರತಿಗೆ 70ರಂತೆ 35,000. ಒಟ್ಟು 46,200, ಅಂದರೆ ಪ್ರತಿಗೆ 92 ರೂಪಾಯಿ ಚಿಲ್ಲರೆ.

ಮುಖಬೆಲೆ 200 ಇಟ್ಟಿರಿ. ಅರ್ಧಕ್ಕರ್ಧ ಲಾಭ ಅಂತ ನಿಮ್ಮ ಮನೆಯವರು ಅಂದುಕೊಳ್ಳುತ್ತಾರೆ. ಪುಸ್ತಕದ ಅಂಗಡಿಗೆ, ವಿತರಕರಿಗೆ 40 ಪರ್ಸೆಂಟ್ ಬಿಟ್ಟುಕೊಡಬೇಕು. ಕೈಗೆ ಬರುವುದು 120. ಬೇರೆ ಪ್ರಕಾಶಕರಾಗಿದ್ದರೆ ಅದರಲ್ಲಿ ಲೇಖಕರಿಗೆ ಮುಖಬೆಲೆಯ ಮೇಲೆ 10 ಪರ್ಸೆಂಟ್ ಗೌರವಧನ, 20 ರೂಪಾಯಿ. ಉಳಿದದ್ದು 100. ಇನ್ನು ಬಂಧು ಬಳಗ, ವಿಮರ್ಶೆಗೆಂದು ಪತ್ರಿಕೆಗಳಿಗೆ ಎರಡೆರಡು, ಮುನ್ನುಡಿಕಾರರಿಗೆ, ಅತಿಥಿಗಳಿಗೆ, ನಿಮ್ಮ ಹಳೇ ಹೆಡ್‌ಮೇಷ್ಟ್ರಿಗೆ ಅಂತ 50 ಪ್ರತಿ ಪುಕ್ಕಟೆ ಹೋಗಿಯೇ ಹೋಗುತ್ತದೆ. ಮಿಕ್ಕ 450 ಒಂದೂ ಉಳಿಯದೆ ಮಾರಿದರೂ ಬರುವುದು 45,000. ಹಾಕಿದ್ದು 46,200. ಪೂರ್ತಿ ಖಾಲಿಯಾದ ಪುಸ್ತಕದಲ್ಲಿ 1,200 ರೂಪಾಯಿ ನಷ್ಟ! ನಿಮ್ಮ ವಿಷಯದಲ್ಲಿ ಲೇಖಕರೂ ನೀವೇ ಆದ್ದರಿಂದ ಆ 9,000 ಗೌರವಧನ ನಿಮ್ಮ ಜೇಬಿನಲ್ಲೇ ಉಳಿಯುತ್ತದೆ. ಕೆಲವರ್ಷದ ಬರವಣಿಗೆಗೆ ಅದೇ ಸಂಬಳ ಅಂತಿಟ್ಟುಕೊಳ್ಳಿ.

ಇದೇ ಲೆಕ್ಕದಲ್ಲಿ ಒಂದೇ ಒಂದು ಅಂಕಿ ಬದಲಾಯಿಸಿ. ಆ 450ರಲ್ಲಿ 100 ಪ್ರತಿಯನ್ನು ಅಂಗಡಿಗೆ ಕೊಡದೆ ನೀವೇ 10 ಪರ್ಸೆಂಟ್ ರಿಯಾಯಿತಿಯಲ್ಲಿ ಮಾರಿದಿರಿ ಅನ್ನಿ. ಪ್ರತಿಗೆ 180 ಬಂತು, ಅಂಗಡಿಯಿಂದ ಬರುವ 120ಕ್ಕಿಂತ 60 ಹೆಚ್ಚು. ಅಷ್ಟಕ್ಕೇ 1,200 ನಷ್ಟದ ಪುಸ್ತಕ 4,800 ಲಾಭಕ್ಕೆ ತಿರುಗುತ್ತದೆ. ಸಣ್ಣ ಪ್ರಕಾಶಕರೆಲ್ಲ ಸಮ್ಮೇಳನ, ಜಾತ್ರೆ, ಕಾಲೇಜಿನ ವಿಚಾರ ಸಂಕಿರಣ ಅಂತ ಪೆಟ್ಟಿಗೆ ಹೊತ್ತುಕೊಂಡು ಅಲೆಯುವುದು ಇದಕ್ಕೇ. ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು ಅಂತ ನಾವು ತ್ಯಾಗದ ಕಥೆಯಂತೆ ಹೇಳುತ್ತೇವೆ. ತ್ಯಾಗ ಇತ್ತು, ಸರಿ. ಆದರೆ ವ್ಯಾಪಾರವೂ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಅನಿಸಿಕೆ. ನಂಜನಗೂಡು ತಿರುಮಲಾಂಬ 1913ರಲ್ಲಿ ತಮ್ಮದೇ ಗ್ರಂಥಮಾಲೆ ಶುರು ಮಾಡಿದರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಆ ಕಾಲದಲ್ಲಿ ಬರೆದದ್ದೂ ಅಲ್ಲದೆ ಪ್ರಕಾಶಕಿಯೂ ಆದರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿದ್ದು ಚಂದಾದಾರರನ್ನು ನಂಬಿ: ಓದುಗರು ಮೊದಲೇ ದುಡ್ಡು ಕಟ್ಟುತ್ತಾರೆ, ಪುಸ್ತಕ ಮನೆಗೆ ಬರುತ್ತದೆ. ನೀವೂ ಅದನ್ನೇ ಮಾಡಿ. ನಿಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಇದ್ದೇ ಇರುತ್ತದಲ್ಲ? ಅಚ್ಚಿಗೆ ಕೊಡುವ ಮೊದಲೇ "150 ರೂಪಾಯಿಗೆ ಮುಂಗಡ ಪ್ರತಿ" ಅಂತ ಹಾಕಿ. ಎಷ್ಟು ಜನ ಬರೀ ಶುಭಾಶಯ ಹೇಳುತ್ತಾರೆ, ಎಷ್ಟು ಜನ ದುಡ್ಡು ಕಳಿಸುತ್ತಾರೆ ನೋಡಿ. ಎರಡನೆಯ ಸಂಖ್ಯೆಗೆ 150 ಸೇರಿಸಿ, ಅಷ್ಟು ಹಾಕಿಸಿ. 300 ಅಂತ ಬಂದರೆ ಸಂಕೋಚ ಬೇಡ. ಈಗ ಡಿಜಿಟಲ್‌ನಲ್ಲಿ 50 ಪ್ರತಿಯನ್ನೂ ಹಾಕಿಕೊಡುತ್ತಾರೆ. ಪ್ರತಿಗೆ ಬೆಲೆ ಹೆಚ್ಚು, ಆದರೆ ಅಟ್ಟ ಖಾಲಿ.

ಇನ್ನೊಂದು. ಅಚ್ಚು ನಡೆಯುವುದು ಫಾರಂ ಲೆಕ್ಕದಲ್ಲಿ, ಒಂದು ಫಾರಂ ಅಂದರೆ 16 ಪುಟ. 160 ಪುಟಕ್ಕೆ ಸರಿಯಾಗಿ ಹತ್ತು ಫಾರಂ. ನಿಮ್ಮದು 163 ಪುಟ ಆಯಿತೋ, ಆ ಮೂರು ಪುಟಕ್ಕೆ ಇನ್ನೊಂದು ಫಾರಂ ಖರ್ಚು. ಶೀರ್ಷಿಕೆ, ವಿವರಗಳ ಪುಟ, ಅರ್ಪಣೆ, ಲೇಖಕರ ಮಾತು, ಪರಿವಿಡಿ ಇವಕ್ಕೆಲ್ಲ ಎಂಟು ಪುಟ ತೆಗೆದಿಡಿ. ನಿಮ್ಮ ಬರಹಕ್ಕೆ ಉಳಿದದ್ದು 152. ಎಲ್ಲಿ ಕತ್ತರಿಸಬೇಕೆಂದು ಗೊತ್ತಾಗದಿದ್ದರೆ "ಲೇಖಕರ ಮಾತಿ"ನಿಂದ ಶುರು ಮಾಡಿ.

ಪ್ರಶ್ನೆ: ನಾನು ಕಥೆಗಳನ್ನು ಬರೆಯುತ್ತೇನೆ. ಹಸ್ತಪ್ರತಿ ಕಳಿಸಿದ ಪ್ರಕಾಶಕರು "ಎಡಿಟ್ ಮಾಡಬೇಕು" ಅಂದರು. ಬೇರೆಯವರು ತಿದ್ದಿದರೆ ನನ್ನತನ ಉಳಿಯುತ್ತದೆಯೇ?
— ವಿ., ರಾಯಚೂರು

ಉತ್ತರ: ಕನ್ನಡದಲ್ಲಿ ಕರಡು ತಿದ್ದುವವರು ಸಿಗುತ್ತಾರೆ, ಸಂಪಾದನೆ (ಎಡಿಟಿಂಗ್) ಮಾಡಿಕೊಡುವವರು ಸಿಗುವುದು ಅಪರೂಪ. ಸಿಕ್ಕಿದ್ದಾರೆ, ಬಿಡಬೇಡಿ ಮಾರಾಯರೆ. ನೀವು ಜೊತೆಗೆ ಕಳಿಸಿದ ಕಥೆಯ ಮೊದಲ ಪ್ಯಾರಾ ಹೀಗಿದೆ (ನಿಮ್ಮ ಅನುಮತಿ ಇದೆಯೆಂದು ಬರೆದಿದ್ದೀರಿ):

"ಸೂರ್ಯ ಪಡುವಣದಲ್ಲಿ ಮುಳುಗುತ್ತಿದ್ದ. ಹಕ್ಕಿಗಳು ಗೂಡು ಸೇರುವ ತವಕದಲ್ಲಿದ್ದವು. ಸಾವಿತ್ರಿಯ ಮನದಲ್ಲಿ ಹೇಳಿಕೊಳ್ಳಲಾಗದ ವೇದನೆ. ಗಂಡ ಹೋದಂದಿನಿಂದ ಆತನ ಚಪ್ಪಲಿಯನ್ನು ಆಕೆ ಬಾಗಿಲ ಹೊರಗೇ ಬಿಟ್ಟಿದ್ದಳು, ಮನೆಯಲ್ಲಿ ಗಂಡಸಿದ್ದಾನೆ ಅಂತ ಬಡ್ಡಿಯವನು ತಿಳಿಯಲಿ ಎಂದು."

ನಾನಾದರೆ ಮೊದಲ ಮೂರು ವಾಕ್ಯ ಹೊಡೆದುಹಾಕಿ ಚಪ್ಪಲಿಯಿಂದ ಶುರು ಮಾಡುತ್ತೇನೆ. ಸೂರ್ಯ, ಹಕ್ಕಿ ಇವೆಲ್ಲ ನೀವು ಪೆನ್ನು ಬಿಸಿ ಮಾಡಿಕೊಂಡ ಗುರುತು; ಯಾರು ಬೇಕಾದರೂ ಬರೆದಾರು. ವೇದನೆ ಅಂತ ಹೇಳಿಬಿಟ್ಟರೆ ಚಪ್ಪಲಿಗೆ ಕೆಲಸವೇ ಉಳಿಯುವುದಿಲ್ಲ. ಆ ಬಡ್ಡಿಯವನು ಮತ್ತು ಚಪ್ಪಲಿ ಮಾತ್ರ ನಿಮ್ಮ ಕಣ್ಣಿಗೆ ಬಿದ್ದದ್ದು. ನಿಮ್ಮತನ ಅಂತ ಏನಿದೆಯೋ ಅದು ನಾಲ್ಕನೆಯ ವಾಕ್ಯದಲ್ಲಿದೆ, ಅದನ್ನು ಯಾವ ಸಂಪಾದಕರೂ ಮುಟ್ಟುವುದಿಲ್ಲ.

ಆಡುಮಾತು ಬೇರೆ ವಿಷಯ. ನಿಮ್ಮ ಪಾತ್ರಗಳು ರಾಯಚೂರಿನ ಮಾತಾಡುತ್ತವೆ. ಅದನ್ನು ಯಾರಾದರೂ ಬೆಂಗಳೂರಿನ ಪುಸ್ತಕದ ಭಾಷೆಗೆ ಬದಲಾಯಿಸಲು ಬಂದರೆ ಆಗ ಜಗಳ ಆಡಿ, ನಾನೂ ಬರುತ್ತೇನೆ.

ಪ್ರಶ್ನೆ: ಪುಸ್ತಕ ಮಾಡಿಕೊಡುವ ಪ್ಯಾಕೇಜಿನವರೊಬ್ಬರು ಐ.ಎಸ್.ಬಿ.ಎನ್. ಕೊಡಿಸಲು ಪ್ರತ್ಯೇಕ 5,000 ರೂಪಾಯಿ ಕೇಳುತ್ತಿದ್ದಾರೆ. ಅದಿದ್ದರೆ ಪುಸ್ತಕದ ಹಕ್ಕು ನನ್ನದಾಗುತ್ತದಂತೆ. ನಿಜವೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಎರಡೂ ಸುಳ್ಳು. ನಮ್ಮ ದೇಶದಲ್ಲಿ ಐ.ಎಸ್.ಬಿ.ಎನ್. ಪುಕ್ಕಟೆ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಆನ್‌ಲೈನ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಅದು 13 ಅಂಕಿಯ ಗುರುತಿನ ಸಂಖ್ಯೆ ಅಷ್ಟೇ, ಅಂಗಡಿಗೂ ಗ್ರಂಥಾಲಯಕ್ಕೂ ಪುಸ್ತಕ ಹುಡುಕಲು ಅನುಕೂಲ. ಹಕ್ಕು ನೀವು ಬರೆದ ಕ್ಷಣದಿಂದಲೇ ನಿಮ್ಮದು, ಅದಕ್ಕೆ ನೋಂದಣಿ ಕೂಡ ಕಡ್ಡಾಯವಲ್ಲ. ಆ ಸಂಖ್ಯೆಯನ್ನು ಪ್ಯಾಕೇಜಿನವರು ತಮ್ಮ ಪ್ರಕಾಶನದ ಹೆಸರಿನಲ್ಲಿ ತೆಗೆದುಕೊಂಡರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ. 5,000 ಉಳಿಸಿ, ಕರಡು ತಿದ್ದುವವರಿಗೆ ಕೊಡಿ.

ಪ್ರಶ್ನೆ: ನಮ್ಮ ತಂದೆ ಕಾದಂಬರಿಕಾರರಾಗಿದ್ದರು, 1998ರಲ್ಲಿ ತೀರಿಕೊಂಡರು. ಅವರ ಎರಡು ಕಾದಂಬರಿಗಳನ್ನು ಒಬ್ಬ ಪ್ರಕಾಶಕರು ಈಗಲೂ ಮರುಮುದ್ರಣ ಮಾಡಿ ಮಾರುತ್ತಿದ್ದಾರೆ. ನಮಗೆ ಒಂದು ಪೈಸೆ ಬಂದಿಲ್ಲ. ಕೇಳಿದರೆ "ನಿಮ್ಮ ತಂದೆ ಆಗಲೇ ಪೂರ್ತಿ ಕೊಟ್ಟಿದ್ದಾರೆ" ಅನ್ನುತ್ತಾರೆ. ಏನು ಮಾಡಬಹುದು ಅಕ್ಕಾ?
— ಎಸ್., ಮೈಸೂರು

ಉತ್ತರ: ತಂಗೀ, ಕೋಪ ಆಮೇಲೆ. ಮೊದಲು ಕಾಗದ ಹುಡುಕಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಉಳಿಯುತ್ತದೆ. ನಿಮ್ಮ ತಂದೆಯವರದು 2058ರ ಡಿಸೆಂಬರ್ 31ರವರೆಗೆ. ಹಕ್ಕು ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ, ಅದು ಯಾರ ಹತ್ತಿರ ಇದೆ ಅನ್ನುವುದಷ್ಟೇ.

ಬರಹದಲ್ಲಿ, ಲೇಖಕರ ರುಜುವಿನೊಂದಿಗೆ ಇಲ್ಲದಿದ್ದರೆ ಹಕ್ಕಿನ ವರ್ಗಾವಣೆ ಕಾನೂನಿನಲ್ಲಿ ನಿಲ್ಲುವುದಿಲ್ಲ. "ಆಗ ಮಾತಾಗಿತ್ತು" ಅನ್ನುವುದಕ್ಕೆ ಬೆಲೆಯಿಲ್ಲ. ಆದ್ದರಿಂದ ಪ್ರಕಾಶಕರಿಗೆ ಪತ್ರ ಬರೆದು ಆ ಕಾಗದದ ಪ್ರತಿ ಕೇಳಿ, ಫೋನಿನಲ್ಲಿ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪತ್ರಕ್ಕೆ ನೀವು ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ ಇದ್ದರೆ ಅವರೂ, ಎಲ್ಲ ವಾರಸುದಾರರೂ ರುಜು ಹಾಕಿ. ಒಬ್ಬರೇ ಬರೆದರೆ ಪ್ರಕಾಶಕರು ಇನ್ನೊಬ್ಬರ ಹತ್ತಿರ ಹೋಗಿ ಕೂರುತ್ತಾರೆ, ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ಕಾಗದ ಸಿಕ್ಕಿತು ಅನ್ನಿ. ಅದರ ತಾರೀಕು ನೋಡಿ, ಇಲ್ಲಿ ಬಹಳ ಜನ ಎಡವುತ್ತಾರೆ. "ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ ಹಕ್ಕು ವಾಪಸ್" ಅಂತ ನಿಮಗೆ ಯಾರಾದರೂ ಹೇಳಿರುತ್ತಾರೆ. ಆ ನಿಯಮ ಬಂದದ್ದು 1994ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬರುವ ಮೊದಲು ಆದ ಒಪ್ಪಂದಗಳಿಗೆ ಅನ್ವಯಿಸುವುದಿಲ್ಲ. ಎಪ್ಪತ್ತರ ದಶಕದಲ್ಲಿ ಕಾದಂಬರಿಗೆ ಒಟ್ಟಾಗಿ ಇಷ್ಟು ಅಂತ ಕೊಟ್ಟು "ಸರ್ವಹಕ್ಕು" ಬರೆಸಿಕೊಳ್ಳುವುದು ರೂಢಿಯಲ್ಲಿತ್ತು. ಹಾಗೆ ಬರೆದುಕೊಟ್ಟಿದ್ದರೆ ಕಷ್ಟ. ಆದರೆ ಎಷ್ಟೋ ಹಳೇ ಪತ್ರಗಳಲ್ಲಿ "ಮೊದಲ ಮುದ್ರಣ ಸಾವಿರ ಪ್ರತಿಗೆ" ಅಂತ ಇರುತ್ತದೆ. ಹಾಗಿದ್ದರೆ ಎರಡನೆಯ ಮುದ್ರಣದಿಂದ ಮುಂದಿನದೆಲ್ಲ ನಿಮ್ಮ ಅನುಮತಿ ಇಲ್ಲದೆ ನಡೆದದ್ದು. ಆಗ ವಕೀಲರ ಹತ್ತಿರ ಹೋಗಿ, ಅದಕ್ಕೆ ಮುಂಚೆ ಬೇಡ.

ಒಂದು ಪುರಾವೆ ನಿಮ್ಮ ಮನೆಯ ಕಪಾಟಿನಲ್ಲೇ ಇರಬಹುದು. ನಮ್ಮ ಕನ್ನಡ ಪುಸ್ತಕಗಳ ವಿವರಗಳ ಪುಟ ನೋಡಿದ್ದೀರಾ? "ಮೊದಲ ಮುದ್ರಣ, ಪುಟಗಳು, ಬೆಲೆ, ಪ್ರತಿಗಳು: 1000, ಬಳಸಿದ ಕಾಗದ" ಅಂತ ಸಾಲಾಗಿ ಇರುತ್ತದೆ. ಎಷ್ಟೋ ಪುಸ್ತಕಗಳಲ್ಲಿ "ಹಕ್ಕುಗಳು: ಲೇಖಕರವು" ಅಂತಲೂ ಪ್ರಕಾಶಕರೇ ಅಚ್ಚು ಹಾಕಿಸಿರುತ್ತಾರೆ. ಸಿಗುವ ಎಲ್ಲ ಮುದ್ರಣಗಳ ಆ ಪುಟವನ್ನು ಫೋಟೋ ತೆಗೆದಿಡಿ. ಮೊದಲ ಮುದ್ರಣದಲ್ಲಿ ಹಕ್ಕು ಲೇಖಕರದು, ಐದನೆಯದರಲ್ಲಿ ಪ್ರಕಾಶಕರದು ಅಂತಿದ್ದರೆ, ನಡುವೆ ಏನಾಯಿತು ಅಂತ ಅವರೇ ಹೇಳಬೇಕಾಗುತ್ತದೆ.

ಹೊಸದಾಗಿ ಒಪ್ಪಂದ ಮಾಡಿಕೊಳ್ಳುವ ಉಳಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಮುಖಬೆಲೆಯ ಮೇಲೋ ಬಂದ ಹಣದ ಮೇಲೋ, ವರ್ಷಕ್ಕೊಮ್ಮೆ ಯಾವ ತಿಂಗಳಲ್ಲಿ ಲೆಕ್ಕ ಕೊಡುತ್ತಾರೆ, ಇ–ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಇವು ಯಾರ ಹತ್ತಿರ ಉಳಿಯುತ್ತವೆ ಎಲ್ಲ ಬರೆಸಿ. ನಮ್ಮ ಕಥೆಯನ್ನು ಯಾರು ಅನುವಾದ ಮಾಡುತ್ತಾರೆ ಅಂತ ನಕ್ಕು ಆ ಸಾಲು ಬಿಟ್ಟುಕೊಡಬೇಡಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದವು. 50,000 ಪೌಂಡಿನ ಆ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲು.

ಪ್ರಶ್ನೆ: ನನ್ನ ಪ್ರವಾಸಕಥನದ ಪ್ರತಿ ಅಧ್ಯಾಯದ ಮೊದಲಿಗೆ ಬೇಂದ್ರೆಯವರ ಒಂದೊಂದು ಕವನವನ್ನು ಹಾಕಬೇಕೆಂದಿದ್ದೇನೆ. ಅನುಮತಿ ಬೇಕೇ?
— ಜಿ.ಕೆ., ಬೆಳಗಾವಿ

ಉತ್ತರ: ಬೇಕು. ಬೇಂದ್ರೆಯವರು ಹೋದದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ವಿಮರ್ಶೆ ಬರೆಯುವಾಗ ನಾಲ್ಕು ಸಾಲು ಎತ್ತಿ ಹೇಳುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ, ಪೂರ್ತಿ ಕವನವನ್ನು ಅಲಂಕಾರಕ್ಕೆ ಹಾಕುವುದಕ್ಕಲ್ಲ. ಬಿ.ಎಂ.ಶ್ರೀ. 1946ರಲ್ಲಿ ತೀರಿಕೊಂಡವರು, ಅವರ ಕವನಗಳಿಗೆ ಯಾರನ್ನೂ ಕೇಳಬೇಕಿಲ್ಲ. ವಚನ, ದಾಸರ ಪದ ಮೂಲಕ್ಕೂ ಅಷ್ಟೇ. ಅದಿರಲಿ, ಪ್ರತಿ ಅಧ್ಯಾಯಕ್ಕೂ ಬೇಂದ್ರೆ ಯಾಕೆ? ಅವರನ್ನು ಓದಿದ ಮೇಲೆ ಕೆಳಗಿನ ನಿಮ್ಮ ಗದ್ಯಕ್ಕೆ ಓದುಗರು ಹೇಗೆ ಇಳಿಯುತ್ತಾರೆ ಯೋಚಿಸಿ.

ಪ್ರಶ್ನೆ: ಮೊಬೈಲಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದೆ. ಪುಸ್ತಕ ಬಂದಾಗ ನಾನು ಮಾಡಿರದ ತಪ್ಪುಗಳೆಲ್ಲ ಇವೆ! ಹೀಗೇಕೆ?
— ಆರ್., ಪುತ್ತೂರು

ಉತ್ತರ: ಮೊಬೈಲಿನಲ್ಲಿ ನೀವು ಕುಟ್ಟಿದ್ದು ಯೂನಿಕೋಡ್, ಅಂದರೆ ಈಗಿನ ಮೊಬೈಲು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ. ಎಷ್ಟೋ ಡಿ.ಟಿ.ಪಿ. ಅಂಗಡಿಗಳಲ್ಲಿ ಇನ್ನೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಇದೆ. ಅದಕ್ಕೆ "ನುಡಿ" ತಂತ್ರಾಂಶದ ಹಳೆಯ ಫಾಂಟೇ ಬೇಕು. ಹಾಗಾಗಿ ಫಾಂಟು ಬದಲಾಯಿಸುವ ಪರಿವರ್ತಕ ತಂತ್ರಾಂಶಕ್ಕೆ ಹಾಕಿ ತೆಗೆಯುತ್ತಾರೆ. ಆ ದಾರಿಯಲ್ಲಿ "ರ‍್ಯಾಂಕ್" ಕೆಡುತ್ತದೆ, ಅರ್ಕಾವತ್ತು ಜಾಗ ಬಿಡುತ್ತದೆ, ನಡುವೆ ಬಂದ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗುತ್ತವೆ, ಉದ್ಧರಣ ಚಿಹ್ನೆ ಇದ್ದಲ್ಲಿ ಯಾವುದೋ ಒತ್ತು ಬಂದು ಕೂರುತ್ತದೆ. ಕೊಡುವ ಮೊದಲೇ ಕೇಳಿ: ಯೂನಿಕೋಡ್‌ನಲ್ಲೇ ಪುಟ ಕಟ್ಟುತ್ತೀರಾ? ಇನ್‌ಡಿಸೈನ್ ಅನ್ನುವ ಹೊಸ ತಂತ್ರಾಂಶ ಇದ್ದವರು ಕಟ್ಟುತ್ತಾರೆ.

ಕರಡನ್ನು ಕಾಗದದ ಮೇಲೆ ತೆಗೆಸಿ ನೋಡಿ, ಪರದೆಯ ಮೇಲಲ್ಲ. ನೀವೊಬ್ಬರೇ ನೋಡಿದರೆ ಸಾಲದು. ಬರೆದವರು ಅಚ್ಚಿನಲ್ಲಿರುವುದನ್ನು ಓದುವುದಿಲ್ಲ, ತಲೆಯಲ್ಲಿರುವುದನ್ನು ಓದುತ್ತಾರೆ. ನಮ್ಮಪ್ಪನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಒಬ್ಬರು ಮೂಲ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಿದ್ದರು. ಓದುವ ಕೆಲಸ ನನ್ನದಾಗಿತ್ತು, ಶಾಲೆಯಿಂದ ಬಂದ ಮೇಲೆ. ಒಮ್ಮೆ ಸಂಘವೊಂದರ ಸ್ಮರಣ ಸಂಚಿಕೆಯಲ್ಲಿ ಒಂದು ದೀರ್ಘ ಉದುರಿ "ಅಧ್ಯಕ್ಷರು ಭಾಷಣ ಮಡಿದರು" ಅಂತಾಗಿತ್ತು. ಬೆರಳಿಟ್ಟವರು ಹಿಡಿದರು. ಈಗಲೂ ಆ ಪದ್ಧತಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಮನೆಯಲ್ಲಿ ಹೈಸ್ಕೂಲಿನ ಮಗು ಇದ್ದರೆ ಕೂರಿಸಿಕೊಳ್ಳಿ. ಮುಖಪುಟ, ಬೆನ್ನುಡಿ, ಪರಿವಿಡಿಯ ಪುಟಸಂಖ್ಯೆ ಇವನ್ನು ಕೊನೆಗೆ ಇನ್ನೊಮ್ಮೆ ನೋಡಿ. ದೊಡ್ಡ ಅಕ್ಷರದ ತಪ್ಪು ಯಾರಿಗೂ ಕಾಣುವುದಿಲ್ಲ, ಅಚ್ಚಾಗುವ ತನಕ.

ಪ್ರಶ್ನೆ: ಗ್ರಂಥಾಲಯ ಇಲಾಖೆ 300 ಪ್ರತಿ ಕೊಂಡುಕೊಳ್ಳುತ್ತದಂತೆ. ಅದನ್ನು ನಂಬಿ ಪುಸ್ತಕ ಮಾಡಬಹುದೇ?
— ಹಾಸನದ ಓದುಗರು

ಉತ್ತರ: ಸಗಟು ಖರೀದಿ ಯೋಜನೆ ಇರುವುದು ನಿಜ, ಅರ್ಜಿ ಕರೆದಾಗ ತಪ್ಪದೆ ಹಾಕಿ. ನಂಬಿ ಸಾಲ ಮಾಡಬೇಡಿ. ಆಯ್ಕೆ ಆಗಬೇಕು, ಆದ ಮೇಲೆ ಆದೇಶ ಬರಬೇಕು, ಪುಸ್ತಕ ತಲುಪಿಸಬೇಕು, ಆಮೇಲೆ ದುಡ್ಡು. ಬೆಲೆ ಸರ್ಕಾರ ಗೊತ್ತು ಮಾಡಿದ ಪುಟದ ದರದ್ದು, ನಿಮ್ಮ ಮುಖಬೆಲೆಯದ್ದಲ್ಲ. 300 ಪ್ರತಿಗೆಂದೇ ಬರೆದ ಪುಸ್ತಕಗಳು ನಮ್ಮಲ್ಲಿ ಕಡಿಮೆಯೇನಿಲ್ಲ, ಅವನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ: ದಪ್ಪ ಅಕ್ಷರ, ಅಗಲ ಅಂಚು. ನಿಮ್ಮ ವಯಸ್ಸು 35ರ ಒಳಗಿದ್ದು ಇದು ಮೊದಲ ಪುಸ್ತಕವಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಗಮನಿಸುತ್ತಿರಿ. ಅದಕ್ಕೆ ಹಸ್ತಪ್ರತಿ ಇದ್ದರೆ ಸಾಕು.

ಗ್ರಂಥಾಲಯಗಳಿಗೆ ನಾವೇ ಪ್ರತಿ ಕೊಡುವ ವಿಷಯ ಕೇಳಿದವರು ಯಾರೂ ಇಲ್ಲ, ಆದರೂ ಹೇಳುತ್ತೇನೆ. 1954ರ ಕಾಯ್ದೆಯಂತೆ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯಲ್ಲಿ ಸರ್ಕಾರ ಗೊತ್ತು ಮಾಡಿದ ಗ್ರಂಥಾಲಯಗಳಿಗೂ ಒಂದೊಂದು. ಸ್ವಂತ ಪ್ರಕಟಣೆಗೂ ಇದು ಅನ್ವಯಿಸುತ್ತದೆ, ಯಾಕೆಂದರೆ ಆಗ ಪ್ರಕಾಶಕರು ನೀವೇ.

ಪ್ರಶ್ನೆ: ಬಿಡುಗಡೆ ಸಮಾರಂಭ ಮಾಡಲೇಬೇಕಾ?
— ಎನ್., ಚಿತ್ರದುರ್ಗ

ಉತ್ತರ: ಮಾಡುವ ಆಸೆ ಇದ್ದರೆ ಮಾಡಿ. ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಪುಸ್ತಕ, ಕ್ಯೂಆರ್ ಕೋಡು, 20 ರೂಪಾಯಿಯ ಚಿಲ್ಲರೆ, ನಾಚಿಕೆಯಿಲ್ಲದ ಒಬ್ಬ ಸೋದರಳಿಯ. ಉಪಾಹಾರಕ್ಕೆ ಮೊದಲು ಮಾರಬೇಕು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಬಂದ ಮೇಲೆ ಯಾರೂ ಜೇಬಿಗೆ ಕೈಹಾಕುವುದಿಲ್ಲ.

ಪ್ರಶ್ನೆ: ಅಂಚೆಯಲ್ಲಿ ಪುಸ್ತಕ ಕಳಿಸುವುದು ಈಗ ಬಲು ದುಬಾರಿ. 200ರ ಪುಸ್ತಕಕ್ಕೆ ಅಂಚೆ ಖರ್ಚು ಎಷ್ಟು ಅಂತ ಹಾಕಲಿ?
— ಗದಗಿನ ಸಣ್ಣ ಪ್ರಕಾಶಕರು

ಉತ್ತರ: ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ನಮಗೆಲ್ಲ ದಿಕ್ಕೇ ತೋಚದಂತಾಗಿತ್ತು. 2025ರ ಮೇ 1ರಿಂದ ಅಂಚೆ ಇಲಾಖೆ "ಜ್ಞಾನ ಪೋಸ್ಟ್" ಶುರು ಮಾಡಿದೆ: 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಟ್ರ್ಯಾಕಿಂಗ್ ಇದೆ. ರಸ್ತೆ, ರೈಲಿನಲ್ಲಿ ಹೋಗುವುದರಿಂದ ನಿಧಾನ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ಇರಬಾರದು. ಮೇಷ್ಟ್ರ ಲೆಕ್ಕದಲ್ಲಿ ಹೇಳಿದೆನಲ್ಲ, ಡೆಮಿಯ 160 ಪುಟ, ಅಂಥ ಪುಸ್ತಕ 70 ಜಿ.ಎಸ್.ಎಂ. ಕಾಗದದಲ್ಲಿ ಸುಮಾರು 190 ಗ್ರಾಂ ತೂಗುತ್ತದೆ. ರಟ್ಟು, ಕವರು ಸೇರಿದರೂ 300 ದಾಟುವುದಿಲ್ಲ. ದಪ್ಪ ಕಾಗದ ಹಾಕಿಸುವ ಮೊದಲು ಇದು ನೆನಪಿರಲಿ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಚೀಲ ಹಾಕಿ, ಮೂಲೆ ಮಡಚದಂತೆ ಎರಡೂ ಕಡೆ ರಟ್ಟು ಕೊಡಿ, ವಿಳಾಸದಲ್ಲಿ ಪಿನ್‌ಕೋಡಿನ ಜೊತೆ ಫೋನ್ ನಂಬರು ಕಡ್ಡಾಯವಾಗಿ ಬರೆಯಿರಿ.